ಮೂರು ಮನೆಗಳಿಗೆ ನಡೆದ ಓಟಗಾರ

ನಮ್ಮಪ್ಪ ಮಕರಧೋಜ್ ಆಲೆ ಗೂರ್ಖಾ ಪಲ್ಟನ್ನಿನ ಬೆಟ್ಟದ ಓಟದಲ್ಲಿ ಸತತವಾಗಿ ಏಳು ವರ್ಷ ಮೊದಲಿಗನಾಗಿ ಬಂದವನು. ಇದು ನಮಗೆ ಅವನ ಬಾಯಿಂದ ತಿಳಿದದ್ದಲ್ಲ. ಅವನ ಬಾಯಿಂದ ತಿಳಿಯುತ್ತಿದ್ದ ಸಂಗತಿಗಳು ಬಹಳ ಕಡಿಮೆ: ಎಮ್ಮೆ ಯಾವಾಗ ಈಯುತ್ತದೆ, ಯಾವ ಹೊಲದ ಬದು ಕುಸಿದಿದೆ, ಅಷ್ಟೆ. ಉಳಿದದ್ದೆಲ್ಲ ತಿಲಕ್‌ಬೀರ್ ಪುನ್ ಕಾಕಾ ಹೇಳಿದ್ದು. ಕಾಕಾ ಅದೇ ಏಳು ವರ್ಷ ಸತತವಾಗಿ ಎರಡನೆಯವರಾಗಿ ಬಂದವರು. ಪ್ರತಿ ವರ್ಷ ದಸೈಂ ಹಬ್ಬ ಮುಗಿದ ಮೇಲೆ ಮೂರು ದಿನ ನಡೆದು ನಮ್ಮ ಮನೆಗೆ ಬರುತ್ತಿದ್ದರು. ಒಲೆಯ ಪಕ್ಕ ಕೂತು ಎಲ್ಲವನ್ನೂ ಮೊದಲಿನಿಂದ ಹೇಳುತ್ತಿದ್ದರು. ಅಪ್ಪ ಎದುರಿಗೇ ಕೂತು ಬಿದಿರು ಸೀಳುತ್ತಿದ್ದ. ತಪ್ಪಿದ್ದರೆ ತಲೆ ಅಲ್ಲಾಡಿಸುತ್ತಿದ್ದ, ಸರಿಯಿದ್ದರೆ ಏನೂ ಮಾಡುತ್ತಿರಲಿಲ್ಲ. ಹಾಗೆ ತಲೆ ಅಲ್ಲಾಡದೆ ಉಳಿದ ಭಾಗಗಳನ್ನಷ್ಟೇ ನಾನು ಇಲ್ಲಿ ಹೇಳುತ್ತಿದ್ದೇನೆ.

ಪಲ್ಟನ್ ಸೇರಿದ ಕತೆ ಮಾತ್ರ ಅಪ್ಪನ ತಾಯಿ, ನನ್ನ ಅಜ್ಜಿ, ಹೇಳಿದ್ದು. ದೊಡ್ಡ ಯುದ್ಧಕ್ಕೆ ಎಂಟು ವರ್ಷ ಮುಂಚೆ, ಕೋದೋ ಎನ್ನುವ ರಾಗಿಯ ಕೊಯ್ಲು ಮುಗಿದ ಮೇಲೆ, ಸೇನೆಗೆ ಜನ ಆರಿಸಲು ಜಾಹರ್‌ಸಿಂಗ್ ಎಂಬ ಹವಾಲ್ದಾರ ಊರಿಗೆ ಬಂದ. ಅವನ ಹತ್ತಿರ ಗುರುತು ಕೊರೆದ ಒಂದು ಕೋಲಿತ್ತು. ತಲೆ ಆ ಗುರುತಿಗೆ ಮುಟ್ಟಿದವನು ಸಿಪಾಯಿ, ಮುಟ್ಟದವನು ಮನೆಯಲ್ಲೇ ಉಳಿದು ಎಮ್ಮೆ ಮೇಯಿಸಬೇಕು. ಅಪ್ಪನಿಗೆ ಆಗ ಹದಿನೆಂಟು. ತಲೆ ಗುರುತಿನಿಂದ ಒಂದು ಬೆರಳು ಕೆಳಗೆ ನಿಂತಿತು.

"ಎದೆ ಚೆನ್ನಾಗಿದೆ, ಹಲ್ಲೂ ಚೆನ್ನಾಗಿವೆ. ತಲೆ ಒಂದೇ ಸಾಲ್ತಿಲ್ಲ ಕಣೋ," ಎಂದ ಹವಾಲ್ದಾರ.

"ಮುಂದಿನ ವರ್ಷಕ್ಕೆ ಮುಟ್ಟುತ್ತೆ."

"ಹಂಗಾದ್ರೆ ಮುಂದಿನ ವರ್ಷ ಬಾ. ಎಲ್ಲೂ ಓಡಿಹೋಗಲ್ಲ ನಿನ್ನ ತಲೆ."

ಬೇರೆ ಐವರನ್ನು ಕರೆದುಕೊಂಡು ಅವನು ಗೋರಖ್‌ಪುರದ ದಾರಿ ಹಿಡಿದ. ಅದು ಒಂಬತ್ತು ದಿನದ ನಡಿಗೆ. ಅವರು ಹೋಗಿ ಎರಡು ದಿನವಾದ ಮೇಲೆ ಜಗಲಿ ಸಾರಿಸುತ್ತಿದ್ದ ಅಜ್ಜಿಗೆ ಮೂಲೆಯಲ್ಲಿ ಹವಾಲ್ದಾರನ ಕೊಡೆ ಸಿಕ್ಕಿತು.

"ಪಾಪ, ಕೊಡೆ ಬಿಟ್ಟು ಹೋಗಿದ್ದಾನೆ. ಕೊಟ್ಟು ಬಾರೋ," ಎಂದಳು. ಎಷ್ಟು ದೂರ ಹೋಗಿರಬಹುದು ಎಂದು ಅವಳು ಯೋಚಿಸಲಿಲ್ಲ. ಅಪ್ಪನೂ ಯೋಚಿಸಲಿಲ್ಲ. ಬೆಳಗಿನ ಢಿಂಡೊ ಮುದ್ದೆ ಉಂಡು, ಕೈತೊಳೆದು, ಕೊಡೆ ಬಗಲಿಗೆ ಸಿಕ್ಕಿಸಿಕೊಂಡು ಹೊರಟ. ಅದೇ ದಿನ ಹೊತ್ತು ಮುಳುಗುವ ಮೊದಲು ಮೂರನೆಯ ಕಣಿವೆಯ ತೂಗುಸೇತುವೆಯ ಹತ್ತಿರ ಅವರನ್ನು ಹಿಡಿದ.

ಹವಾಲ್ದಾರ ಕೊಡೆ ನೋಡಿದ, ಆಕಾಶ ನೋಡಿದ. ಒಂದು ಮೋಡವಿರಲಿಲ್ಲ.

"ಯಾವತ್ತು ಹೊರಟೆ?"

"ಇವತ್ತು ಬೆಳಿಗ್ಗೆ."

"ಸುಳ್ಳು ಹೇಳ್ತೀಯ."

ಅಪ್ಪ ಕೊಡೆ ಮುಂದೆ ಚಾಚಿದ. ಹವಾಲ್ದಾರ ಸ್ವಲ್ಪ ಹೊತ್ತು ಮೀಸೆ ತಿರುವಿ, "ಸರಿ, ವಾಪಸ್ ಹೋಗು. ಅವತ್ತು ನಿಮ್ಮವ್ವ ನಂಗೆ ಕೋಳಿ ಸಾರು ಮಾಡಿದ್ಲಲ್ಲ, ಆ ಕೋಳಿ ಯಾವ ಬಣ್ಣ ಅಂತ ಕೇಳ್ಕೊಂಡು ಬಾ," ಎಂದ.

ಅಪ್ಪ ಹೋದ. ಮೂರನೆಯ ದಿನ ಮಧ್ಯಾಹ್ನ, ಬೆಟ್ಟ ಮುಗಿದು ತರಾಯಿ ಕಾಡು ಶುರುವಾಗುವಲ್ಲಿ ಅವರು ಅನ್ನ ಬೇಯಿಸುತ್ತಿರುವಾಗ ಬಂದು ನಿಂತ.

"ಕೆಂಪಂತೆ. ಒಂದು ಕಾಲು ಕುಂಟ್ತಿತ್ತಂತೆ, ಅದಕ್ಕೇ ಕೊಯ್ದಿದ್ದಂತೆ."

ಹವಾಲ್ದಾರ ಊಟ ಮುಗಿಸಿ, ಚಾಕು ತೆಗೆದು, ಕೋಲಿನ ಮೇಲೆ ಹಳೆಯ ಗುರುತಿಗಿಂತ ಒಂದು ಬೆರಳು ಕೆಳಗೆ ಹೊಸ ಗುರುತು ಕೊರೆದ. ಗೋರಖ್‌ಪುರದ ಡಾಕ್ಟರನ ಹತ್ತಿರ ಬೇರೆ ಕೋಲಿತ್ತು. ಹಾಗಾಗಿ ಅಪ್ಪನ ಜುಟ್ಟನ್ನು ನೆತ್ತಿಯ ಮೇಲೆ ಗಂಟು ಕಟ್ಟಿ, ಟೋಪಿ ತೆಗೆಯದ ಹಾಗೆ ನೋಡಿಕೊಂಡರು. ಹೀಗೆ ಅಪ್ಪ ಸಿಪಾಯಿಯಾದ. ಅಜ್ಜಿ ಮಾತ್ರ ಹದಿನೈದು ದಿನ ಅವನ ಪಾಲಿನ ಢಿಂಡೊ ಮುಚ್ಚಿಟ್ಟು ಕಾದಳು.

ಪಲ್ಟನ್ ಇದ್ದದ್ದು ಹಿಮದ ಬೆಟ್ಟಗಳ ಬುಡದ ಒಂದು ದಂಡುಪ್ರದೇಶದಲ್ಲಿ. ವರ್ಷಕ್ಕೊಮ್ಮೆ ಅಲ್ಲಿ ಬೆಟ್ಟದ ಓಟ. ಕವಾಯತು ಮೈದಾನದಿಂದ ಹೊರಟು, ಹಿಂದಿನ ಗುಡ್ಡದ ನೆತ್ತಿಯ ಮೇಲೆ ನೆಟ್ಟ ಬಾವುಟವನ್ನು ಸುತ್ತಿ, ಮತ್ತೆ ಮೈದಾನಕ್ಕೆ ಇಳಿಯಬೇಕು. ದಾರಿ ಎಂಬುದಿಲ್ಲ. ಮೊದಲ ವರ್ಷ ಅಪ್ಪ ಎಲ್ಲರಿಗಿಂತ ಮುಂಚೆ ನೆತ್ತಿ ಮುಟ್ಟಿದ. ಮುಟ್ಟಿ ಅಲ್ಲೇ ನಿಂತ. ಹಿಂದಿನಿಂದ ತಿಲಕ್‌ಬೀರ್ ಕಾಕಾ ಏದುಸಿರು ಬಿಡುತ್ತ ಬಂದರು.

"ಯಾಕೋ ನಿಂತೆ? ಕಾಲಿಗೇನಾದ್ರೂ ಆಯ್ತಾ?"

"ಇಲ್ಲ ಅಣ್ಣ. ನೀವು ದೊಡ್ಡೋರು, ಮುಂದೆ ಹೋಗಿ."

ಕಾಕಾ ಅಪ್ಪನಿಗಿಂತ ಎರಡು ತಿಂಗಳು ಮುಂಚೆ ಪಲ್ಟನ್ ಸೇರಿದ್ದರು. ಅವರು ಮುಂದೆ ಹೋದರು. ಹಾಗೆ ಹನ್ನೊಂದು ಜನ ಹಿರಿಯರಿಗೆ ದಾರಿ ಬಿಟ್ಟು, ಅಪ್ಪ ಹನ್ನೆರಡನೆಯವನಾಗಿ ಇಳಿದ. ಆ ವರ್ಷ ಮೊದಲು ಬಂದದ್ದು ತಿಲಕ್‌ಬೀರ್ ಕಾಕಾ. ಒಲೆಯ ಪಕ್ಕ ಕತೆ ಹೇಳುವಾಗ ಅವರು ತಮ್ಮ ಗೆಲುವನ್ನು ಹೇಳಿ, ದಾರಿ ಬಿಟ್ಟ ಭಾಗವನ್ನು ನುಂಗಿಬಿಡುತ್ತಿದ್ದರು. ಅಪ್ಪ ತಲೆ ಅಲ್ಲಾಡಿಸುತ್ತಿದ್ದ. ಆಗ ಕಾಕಾ ಗಂಟಲು ಸರಿಪಡಿಸಿಕೊಂಡು ಅದನ್ನೂ ಹೇಳುತ್ತಿದ್ದರು.

ಸುಬೇದಾರ ಅಪ್ಪನನ್ನು ಕರೆಸಿ ಬೈದ. "ಓಟದಲ್ಲಿ ಅಣ್ಣಾನೂ ಇಲ್ಲ, ಮಾವಾನೂ ಇಲ್ಲ! ನಾನೇ ಎದುರಿಗೆ ಬಂದ್ರೂ ಹಿಂದೆ ಹಾಕ್ಬೇಕು, ತಿಳೀತಾ?"

"ತಿಳೀತು ಹುಜೂರ್."

ಮರುವರ್ಷ ಸುಬೇದಾರ ಓಟ ನೋಡಲೆಂದು ಇಳಿಜಾರಿನ ಅರ್ಧದಲ್ಲಿ, ಓಟಗಾರರಿಗೆ ಅಡ್ಡವಾಗಿ ನಿಂತಿದ್ದ. ಅಪ್ಪ ಅವನನ್ನು ಭುಜದಿಂದ ನೂಕಿ ಪೊದೆಗೆ ಕೆಡವಿ ಇಳಿದುಹೋದ. ಅಂದಿನಿಂದ ಏಳು ವರ್ಷ ಅವನ ಮುಂದೆ ಯಾರೂ ಇರಲಿಲ್ಲ. ಏರಿನಲ್ಲಿ ಕಾಕಾ ಹೆಚ್ಚುಕಡಿಮೆ ಅವನ ಜೊತೆಗೇ ಇರುತ್ತಿದ್ದರು. ಇಳಿಜಾರಿನಲ್ಲಿ ಮಾತ್ರ ಅಪ್ಪನನ್ನು ಹಿಡಿಯಲಾಗುತ್ತಿರಲಿಲ್ಲ. ಮೇಲಿನಿಂದ ಉರುಳಿಬಿಟ್ಟ ಕಲ್ಲು ಹೇಗೆ ಬರುತ್ತದೋ ಹಾಗೆ ಬರುತ್ತಿದ್ದನಂತೆ.

"ಕಾಲು ಎಲ್ಲಿಡ್ಬೇಕು ಅಂತ ಹೆಂಗೆ ಗೊತ್ತಾಗುತ್ತೋ ನಿಂಗೆ?" ಎಂದು ಕಾಕಾ ಕೇಳಿದರು.

"ಇಟ್ಟ ಮೇಲೆ ಗೊತ್ತಾಗುತ್ತೆ."

ಕಾಕಾ ಈ ಪಾಠದ ಪ್ರಕಾರ ಓಡಿ ಮೂರನೆಯ ವರ್ಷ ಮೊಣಕೈ ಮುರಿದುಕೊಂಡರು. ಆದರೂ ಎರಡನೆಯವರಾಗಿಯೇ ಬಂದರು.

ಒಮ್ಮೆ ಬಯಲುಸೀಮೆಯ ಪಟ್ಟಣದಲ್ಲಿ ಎಲ್ಲ ಪಲ್ಟನ್‌ಗಳಿಗೂ ಸೇರಿಸಿ ಇಪ್ಪತ್ತು ಮೈಲಿಯ ಓಟ ಇಟ್ಟರು. ಸಪಾಟು ರಸ್ತೆ, ಎರಡೂ ಕಡೆ ಬೇವಿನ ಮರ. ಪಂಜಾಬಿಗಳು, ಪಠಾಣರು, ಬಿಳಿಯ ಸೋಲ್ಜರುಗಳು, ಎಲ್ಲರ ಕಾಲೂ ಅಪ್ಪನ ಎದೆಯವರೆಗೆ. ಅಲ್ಲೂ ಅಪ್ಪನೇ ಮೊದಲು ಬಂದ. ಹೇಗಿತ್ತು ಎಂದು ಕಪ್ತಾನ ಕೇಳಿದ.

"ಎಷ್ಟು ಓಡಿದ್ರೂ ಅಲ್ಲೇ ಇದ್ದಂಗಿತ್ತು ಹುಜೂರ್," ಎಂದ ಅಪ್ಪ.

ಬಹುಮಾನಕ್ಕೆ ಎರಡು ಹಿಡಿಯ ಬೆಳ್ಳಿ ಬಟ್ಟಲು ಕೊಟ್ಟರು. ರಜೆಯಲ್ಲಿ ಊರಿಗೆ ಹೊರಟವನ ಕೈಯಲ್ಲಿ ಅಪ್ಪ ಅದನ್ನು ಅಜ್ಜಿಗೆ ಕಳಿಸಿದ. ಅಜ್ಜಿಯಿಂದ ತಿರುಗಿ ಒಂದೇ ಮಾತು ಬಂತು: "ಬಟ್ಟಲು ಚಿಕ್ಕದಿದೆ, ಹಿಡಿ ಎರಡಿವೆ. ಇದನ್ನ ಎತ್ತೋಕೆ ಇಬ್ಬರು ಬೇಕೇನೋ?"

ಆಮೇಲೆ ಯುದ್ಧ ಬಂತು. ಹಡಗು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಕೊನೆಗೆ ತುರ್ಕರ ದೇಶದ ಗಾಲಿಪೋಲಿ ಎಂಬ ಕಡಲತೀರದಲ್ಲಿ ಇಳಿಸಿದರು. ಅಲ್ಲಿ ಬೆಟ್ಟವಿತ್ತು. ಕಾಕಾಗೆ ಸಮಾಧಾನವಾಯಿತಂತೆ. ಆದರೆ ಬೆಟ್ಟದ ಮೇಲಿದ್ದವರು ತುರ್ಕರು, ಬುಡದಲ್ಲಿದ್ದವರು ನಮ್ಮವರು.

ಅಪ್ಪನಿಗೆ ಕೊಟ್ಟ ಕೆಲಸ ಸುದ್ದಿ ಒಯ್ಯುವುದು. ಮುಂದಿನ ಕಂದಕದಿಂದ ಹಿಂದಿನ ಕಚೇರಿಗೆ ಚೀಟಿ, ಕಚೇರಿಯಿಂದ ಕಂದಕಕ್ಕೆ ಮರುಚೀಟಿ. ನಡುವೆ ಬಟ್ಟಬಯಲಾದ ಒಂದು ಹಳ್ಳ. ಅಲ್ಲಿ ತಲೆಯೆತ್ತಿದವರಿಗೆ ಗುಂಡು ಬೀಳುತ್ತಿತ್ತು. ಅಪ್ಪ ಆ ಹಳ್ಳವನ್ನು ನಾಲ್ಕು ತಿಂಗಳು ದಿನಕ್ಕೆ ಐದಾರು ಸಲ ದಾಟಿದ. ತುರ್ಕರು ಅವನ ಮೇಲೆ ಗುಂಡು ಹಾರಿಸಿ ಸಾಕಾಗಿ, ಕೊನೆಕೊನೆಗೆ ಬರೀ ಕೂಗುತ್ತಿದ್ದರಂತೆ.

ಅವರ ಕಂಪನಿಯಲ್ಲಿ ಹಸ್ತಬೀರ್ ರಾನಾ ಎಂಬ ಸಿಪಾಯಿ ಇದ್ದ. ಇಪ್ಪತ್ತೆರಡು ವರ್ಷ. ಹಗಲೆಲ್ಲ ಮೋರ್ಸಿಂಗ್ ನುಡಿಸುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಒಂದೇ ರಾಗ.

"ಇನ್ನೊಂದು ಕಲಿಯೋ ಪುಣ್ಯಾತ್ಮ," ಎಂದು ಕಾಕಾ ಗೋಗರೆಯುತ್ತಿದ್ದರು.

"ಇದೇ ಇನ್ನೂ ಪೂರ್ತಿ ಬಂದಿಲ್ಲ ಅಣ್ಣ," ಎನ್ನುತ್ತಿದ್ದ ಹಸ್ತಬೀರ್.

ಚಳಿಗಾಲ ಶುರುವಾಗುವ ಮಂಗ್ಸಿರ್ ತಿಂಗಳಲ್ಲಿ ಅಲ್ಲಿ ಬಿರುಗಾಳಿ ಎದ್ದಿತು. ಮೊದಲ ದಿನ ಮಳೆ ಬಿದ್ದು ಕಂದಕಗಳಲ್ಲಿ ಸೊಂಟದವರೆಗೆ ನೀರು ನಿಂತಿತು. ಎರಡನೆಯ ದಿನ ಅದರ ಮೇಲೆ ಹಿಮ ಸುರಿಯಿತು. ಟೆಲಿಫೋನ್ ತಂತಿ ಕಡಿದುಹೋಯಿತು. ಕಚೇರಿಗೂ ಕಂದಕಕ್ಕೂ ನಡುವೆ ಉಳಿದದ್ದು ಅಪ್ಪ ಒಬ್ಬನೇ. ಬೂಟಿನೊಳಗೆ ಹೊಕ್ಕ ನೀರು ಅಲ್ಲೇ ಹೆಪ್ಪುಗಟ್ಟಿತ್ತು. ಆ ಎರಡು ದಿನದಲ್ಲಿ ಅವನು ಹದಿನಾಲ್ಕು ಸಲ ಹಳ್ಳ ದಾಟಿದ. ಕೊನೆಯ ಸಲ ಅವನು ತಂದ ಚೀಟಿಯನ್ನು ಕಪ್ತಾನ ಓದಿ, ಮಡಚಿ, ಗುಮಾಸ್ತನ ಕಡೆಗೆ ಎಸೆದ. ಅದರಲ್ಲಿ ಏನಿತ್ತೆಂದು ಕಾಕಾ ಆಮೇಲೆ ಗುಮಾಸ್ತನಿಂದ ತಿಳಿದುಕೊಂಡರು. ಹಿಂದಿನ ತಿಂಗಳು ಹಂಚಿದ ಕಾಲುಚೀಲಗಳು ಎಷ್ಟು ಜೊತೆ, ಕೂಡಲೇ ತಿಳಿಸಬೇಕು ಎಂದಿತ್ತಂತೆ.

ಈ ಜಾಗಕ್ಕೆ ಬಂದಾಗ ಕಾಕಾ ಪ್ರತಿ ವರ್ಷ ಕೆಂಪಾಗುತ್ತಿದ್ದರು. "ಕಾಲುಚೀಲದ ಲೆಕ್ಕಕ್ಕೆ ಕಾಲು ಕೊಟ್ಟ ಕಣ್ರೋ ಇವನು!"

ಅಪ್ಪ ಬಿದಿರು ಸೀಳುತ್ತಲೇ, "ಚೀಟೀಲಿ ಏನಿದೆ ಅಂತ ಒಯ್ಯೋನಿಗ್ಯಾಕೆ," ಎನ್ನುತ್ತಿದ್ದ.

ಮೂರನೆಯ ದಿನ ಬೆಳಿಗ್ಗೆ ಗಾಳಿ ನಿಂತಿತು. ಹಸ್ತಬೀರ್ ಕಂದಕದ ಮೆಟ್ಟಿಲ ಮೇಲೆ ಕೂತಿದ್ದವನು ಕೂತಲ್ಲೇ ಇದ್ದ. ಕಾಕಾ ಭುಜ ಮುಟ್ಟಿ ಕರೆದಾಗ ಇಡೀ ಮೈ ಒಟ್ಟಿಗೆ ವಾಲಿತು. ಅದೇ ಕಂಪನಿಯ ಇನ್ನಿಬ್ಬರದೂ ಹಾಗೆಯೇ ಆಗಿತ್ತು. ಅಪ್ಪ ಜೀವಂತವಾಗಿದ್ದ, ಆದರೆ ಎದ್ದು ನಿಲ್ಲಲು ಹೋಗಿ ಕುಸಿದ. ಕಾಕಾ ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಎರಡು ಹರದಾರಿ ನಡೆದು ಕಡಲ ದಂಡೆಗೆ ತಂದರು.

"ಏಳು ವರ್ಷ ನಿನ್ನ ಬೆನ್ನು ನೋಡಿ ಸಾಕಾಗಿದೆ. ಇವತ್ತು ನೀನು ನನ್ನ ಬೆನ್ನು ನೋಡು," ಎಂದರಂತೆ ಕಾಕಾ.

"ಬೆವರ್ತಾ ಇದ್ದೀರಿ ಅಣ್ಣ, ಇಳಿಸಿ."

"ಸುಮ್ಮನೆ ಮಲಕ್ಕೊಳ್ಳೋ."

ಮಿಸಿರ್ ದೇಶದ, ಅಂದರೆ ಈಜಿಪ್ಟಿನ, ಆಸ್ಪತ್ರೆಯಲ್ಲಿ ಎಡಗಾಲಿನ ಐದೂ ಬೆರಳು, ಬಲಗಾಲಿನ ಮೂರು ಬೆರಳು ಕತ್ತರಿಸಿ ತೆಗೆದರು. ಓಡಲಾಗುತ್ತದೆಯೇ ಎಂದು ಅಪ್ಪ ಕೇಳಿದ. ನಡೆಯಲಾಗುತ್ತದೆ ಎಂದ ಡಾಕ್ಟರ. ಸರಿ ಎಂದ ಅಪ್ಪ. ಅದರ ಬಗ್ಗೆ ಅವನು ಮತ್ತೆ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಯುದ್ಧ ಮುಗಿದ ಮೇಲೆ ಬೆಟ್ಟದ ಓಟ ಮತ್ತೆ ಶುರುವಾದಾಗ ಕಾಕಾ ಈ ಸಲವಾದರೂ ಎಂದುಕೊಂಡು ಸೊಂಟ ಬಿಗಿದು ಓಡಿದರು. ಪ್ಯೂಠಾನ್ ಕಡೆಯ ಹತ್ತೊಂಬತ್ತರ ಒಬ್ಬ ಹೊಸಬ ಮೊದಲು ಬಂದ.

ಅಪ್ಪನಿಗೆ ಪಲ್ಟನ್ನಿನಿಂದ ಬಿಡುಗಡೆ ಕೊಟ್ಟರು. ಬೆರಳಿದ್ದ ಜಾಗದಲ್ಲಿ ಹತ್ತಿ ತುಂಬಿದ ವಿಶೇಷ ಬೂಟು ಕೊಟ್ಟರು. ಜೊತೆಗೆ ಮೂರು ಗಂಟು ಕೊಟ್ಟರು. ಬಿರುಗಾಳಿಯಲ್ಲಿ ಸತ್ತ ಮೂವರ ಮನೆಗಳೂ ಅವನು ಊರಿಗೆ ಹೋಗುವ ಸೀಮೆಯಲ್ಲೇ ಇದ್ದವು. ಕಾಗದ ಹೋಗಿರಬಹುದು, ಆದರೆ ಓದುವವರು ಇರಲಾರರು, ನೀನೇ ಹೇಳಿಬಿಡು ಎಂದ ಸುಬೇದಾರ. ಪೊದೆಗೆ ಬಿದ್ದವನು ಅವನೇ.

"ಚಳಿಗೆ ಸತ್ರು ಅಂತ ಮಾತ್ರ ಹೇಳ್ಬೇಡ. ಕುಕ್ರಿ ಹಿಡಿದು ತುರ್ಕರ ಮೇಲೆ ನುಗ್ಗಿ ಸತ್ರು ಅನ್ನು. ಮನೆಯೋರಿಗೆ ಅದೇ ಸಮಾಧಾನ."

ಓಡುವಾಗ ಅಪ್ಪ ಈ ಗುಡ್ಡಗಳನ್ನು ಎರಡು ದಿನದಲ್ಲಿ ದಾಟುತ್ತಿದ್ದ. ಈ ಸಲ ಮೊದಲ ಮನೆಗೆ ಹೋಗಲು ಹನ್ನೊಂದು ದಿನ ಹಿಡಿಯಿತು. ಕಾಲು ನೋಯುತ್ತಿದ್ದದ್ದು ನಿಜ. ಆದರೆ ನೋವಿಗೆ ಅಷ್ಟು ದಿನ ಬೇಕಾಗಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು.

ಮೊದಲ ಮನೆ ಬಖತ್‌ಸಿಂಗ್ ಥಾಪಾನದು. ಅವನ ಅಪ್ಪ ಬಿಸಿಲಿಗೆ ಕೂತು ಹಗ್ಗ ಹೊಸೆಯುತ್ತಿದ್ದ. ಅಪ್ಪ ಹತ್ತಿರ ಕೂತು, ಸುಬೇದಾರ ಹೇಳಿಕೊಟ್ಟದ್ದನ್ನು ತಗ್ಗಿದ ದನಿಯಲ್ಲಿ ಹೇಳಿದ.

"ಏನಂದೆ?" ಎಂದ ಮುದುಕ. ಅವನಿಗೆ ಕಿವಿ ಕೇಳುತ್ತಿರಲಿಲ್ಲ.

ಅಪ್ಪ ಸ್ವಲ್ಪ ಜೋರಾಗಿ ಹೇಳಿದ. ಮುದುಕ ಕಿವಿಗೆ ಕೈ ಹಿಡಿದ. ನಾಲ್ಕನೆಯ ಸಲ ಅಪ್ಪ ಎದ್ದು ನಿಂತು, ಇಡೀ ಊರಿಗೆ ಕೇಳುವಂತೆ ಕಿರುಚಿದ: "ಕುಕ್ರಿ ಹಿಡಿದು! ತುರ್ಕರ ಮೇಲೆ! ನುಗ್ಗಿ!" ಅಕ್ಕಪಕ್ಕದವರೆಲ್ಲ ಬಂದು ನೆರೆದರು. ಎಷ್ಟು ಜನ ತುರ್ಕರನ್ನು ಕಡಿದ ಎಂದು ಒಬ್ಬ ಕೇಳಿದ. ಅಪ್ಪ ಮೂರು ಎಂದ. ಮುದುಕನಿಗೆ ಅದು ಮಾತ್ರ ಒಂದೇ ಸಲಕ್ಕೆ ಕೇಳಿಸಿತು.

"ಮೂರಾ? ಒಂದು ಕೋಳಿ ಕೊಯ್ಯೋಕೂ ಅಳ್ತಿದ್ದ ನನ್ನ ಮಗ," ಎಂದು ಮತ್ತೆ ಹಗ್ಗ ಹೊಸೆಯಲು ಕೂತ.

ಆ ಊರು ದಾಟಿದ ಮೇಲೆ ಅಪ್ಪ ಒಂದು ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿ, ಇನ್ನು ಮೇಲೆ ಆದದ್ದನ್ನೇ ಹೇಳುವುದು ಎಂದು ತೀರ್ಮಾನಿಸಿದ.

ಎರಡನೆಯ ಮನೆಯಲ್ಲಿ ಸುದ್ದಿ ಆಗಲೇ ಮುಟ್ಟಿತ್ತು. ಸತ್ತವನ ಹೆಂಡತಿ ಮೂರು ತಿಂಗಳು ಅತ್ತು, ಆಚೆ ಕೇರಿಯ ಒಬ್ಬನ ಜೊತೆ ಮನೆ ಮಾಡಿದ್ದಳು. ಗಂಟು ತೆಗೆದುಕೊಂಡವನು ಆ ಹೊಸ ಗಂಡ. ಅಪ್ಪನಿಗೆ ಅವನೇ ಕಾಲಿಗೆ ಬಿಸಿನೀರು ತಂದುಕೊಟ್ಟ, ಒಣಸೊಪ್ಪಿನ ಗುಂದ್ರುಕ್ ಸಾರು ಬಡಿಸಿದ.

"ಒಳ್ಳೆಯೋನಾಗಿದ್ನಾ ಅವ್ನು?" ಎಂದು ಕೇಳಿದ.

"ಒಳ್ಳೆಯೋನು."

"ಇವಳೂ ಹಂಗೇ ಅಂತಾಳೆ. ದಿನಾ ಅಂತಾಳೆ," ಎಂದು ಅವನು ನಿಟ್ಟುಸಿರಿಟ್ಟ.

ಮೂರನೆಯದು ಹಸ್ತಬೀರನ ಮನೆ. ಬೆಟ್ಟದ ಹೆಗಲ ಮೇಲೆ ಒಂಟಿ ಮನೆ. ಅವನ ತಾಯಿ ರಣಮಾಯಾ, ಅಕ್ಕ ದಿಲ್‌ಸರಾ, ಇಬ್ಬರೇ. ಸಮುದ್ರ ದಾಟಿ ಬಂದವನೆಂದು ತಿಳಿದು ರಣಮಾಯಾ ಅಂಗಳದಲ್ಲೇ ತಡೆದಳು. ಶುದ್ಧಿ ಮಾಡಿಸಿಕೊಂಡ ಕಾಗದ ಎಲ್ಲಿ ಎಂದಳು. ಅಪ್ಪ ತೋರಿಸಿದ. ಅವಳು ತಲೆಕೆಳಗಾಗಿ ಹಿಡಿದು, ಮೇಲಿನಿಂದ ಕೆಳಗಿನವರೆಗೆ ನೋಡಿ, "ಸರಿಯಾಗಿದೆ," ಎಂದು ನೀರು ಕೊಟ್ಟಳು. ಅಪ್ಪ ನೀರು ಕುಡಿದು, ಗಂಟು ಮುಂದಿಟ್ಟ. ಅದರಲ್ಲಿ ಒಂದು ಅಂಗಿ, ಒಂದು ಮೋರ್ಸಿಂಗ್. ಅವಳು ಅದನ್ನು ಬಹಳ ಹೊತ್ತು ಮುಟ್ಟಲಿಲ್ಲ.

"ಗುಂಡು ಬಿತ್ತಾ?"

"ಇಲ್ಲ ಅವ್ವ."

"ಕತ್ತಿ ಏಟಾ?"

"ಇಲ್ಲ. ಚಳಿ."

"ಚಳೀನಾ?" ರಣಮಾಯಾ ಎದ್ದು ನಿಂತಳು. "ಇಲ್ಲಿರೋದು ಏನು ಮತ್ತೆ? ಹುಟ್ಟಿದಾಗಿಂದ ಚಳೀಲೇ ಬೆಳೆದೋನು! ಚಳಿಗೆ ಸಾಯೋಕೆ ಅಷ್ಟು ದೂರ ಹಡಗು ಹತ್ತಿ ಹೋಗ್ಬೇಕಿತ್ತೇನೋ? ಇಲ್ಲೇ ಅಂಗಳದಲ್ಲಿ ಕೂತಿದ್ರೆ ಆಗ್ತಿರಲಿಲ್ವಾ? ಹೇಳೋ!"

ಅಪ್ಪ ತಲೆ ತಗ್ಗಿಸಿ ಕೂತ. ಅವಳು ಸಂಜೆಯವರೆಗೆ ಬೈದಳು: ಅವನನ್ನು, ಪಲ್ಟನ್ನನ್ನು, ಹಡಗನ್ನು, ತುರ್ಕರನ್ನು, ಮಗನನ್ನು. ಆಮೇಲೆ ಒಂದು ಮಾತು ಕೇಳಿದಳು.

"ನೀನಿದ್ಯಾ ಹತ್ರ?"

"ಇದ್ದೆ. ಆದ್ರೆ ಓಡ್ತಿದ್ದೆ. ಆ ದಿನ ಹದಿನಾಲ್ಕು ಸಲ ಅವನ ಮುಂದೇನೇ ಹಾದುಹೋದೆ. ಒಂದ್ಸಲಾನೂ ನಿಲ್ಲಲಿಲ್ಲ."

ಎರಡು ದಿನದ ಲೆಕ್ಕವನ್ನು ಅವನು ಒಂದು ದಿನಕ್ಕೆ ಸೇರಿಸಿ ಹೇಳಿದ್ದ. ಅಷ್ಟು ಬಿಟ್ಟರೆ ಎಲ್ಲ ನಿಜ. ಅಂದು ಅಪ್ಪ ಅತ್ತದ್ದನ್ನು ಕಂಡವರು ಈ ಲೋಕದಲ್ಲಿ ಆ ತಾಯಿ ಮಗಳು ಇಬ್ಬರೇ. ಅಮ್ಮ ಇದನ್ನು ನನಗೆ ಹೇಳಿದ್ದು ಅಪ್ಪ ತೀರಿಕೊಂಡ ಮೇಲೆ.

ಮರುದಿನ ಹೊರಡಬೇಕೆಂದರೆ ಕಾಲು ಊದಿಕೊಂಡು ಬೂಟು ಹಿಡಿಸಲಿಲ್ಲ. ಊತ ಇಳಿಯುವವರೆಗೆ ಇರಲಿ ಎಂದಳು ರಣಮಾಯಾ. ಊತ ಐದು ದಿನದಲ್ಲಿ ಇಳಿಯಿತು. ಅಪ್ಪ ಹೊರಡಲಿಲ್ಲ. ಜಗಲಿಯ ಮೇಲೆ ಕೂತು ಬಿದಿರಿನ ಬೆನ್ನುಬುಟ್ಟಿ ಹೆಣೆದ. ಬುಟ್ಟಿ ಎಂಟಾದವು. ಆ ಮನೆಯಲ್ಲಿ ಬೆನ್ನುಗಳಿದ್ದದ್ದು ಎರಡು.

ಇಪ್ಪತ್ತನೆಯ ದಿನ ದಿಲ್‌ಸರಾ ಅವನ ಮುಂದೆ ಬಂದು ನಿಂತಳು. "ನೋಡಿ, ಒಂದೋ ಹೊರಡಿ, ಇಲ್ಲಾಂದ್ರೆ ಕೆಳಗಿನ ಹೊಲ ಉತ್ತುಕೊಡಿ. ಬುಟ್ಟಿ ಇಡೋಕೆ ಜಾಗ ಇಲ್ಲ."

"ಎತ್ತು ಎಲ್ಲಿದೆ?" ಎಂದು ಕೇಳಿದ ಅಪ್ಪ.

ಮದುವೆಯ ಮಾತು ಅಷ್ಟೇ. ಅಪ್ಪ ಆ ಮನೆಯಲ್ಲಿ ಮೂವತ್ತು ವರ್ಷ ಇದ್ದ. ನಾವು ನಾಲ್ವರು ಹುಟ್ಟಿದ್ದು ಅಲ್ಲೇ. ಮರುವರ್ಷ ಅಪ್ಪನ ತಾಯಿಯೂ ತನ್ನ ಎಮ್ಮೆ ಹೊಡೆದುಕೊಂಡು ಬಂದಳು. ಇಬ್ಬರು ಅಜ್ಜಿಯರು ಮೊದಲ ದಿನದಿಂದ ಒಲೆಗಾಗಿ ಜಗಳವಾಡಿದರು, ಒಬ್ಬಳು ಸಾಯುವವರೆಗೂ ಆಡಿದರು. ಸತ್ತ ಮೇಲೆ ಇನ್ನೊಬ್ಬಳು ಎರಡು ತಿಂಗಳು ಒಲೆಯ ಹತ್ತಿರವೇ ಹೋಗಲಿಲ್ಲ.

ಮದುವೆಯಾದ ಮೂರನೆಯ ಚಳಿಗಾಲದಲ್ಲಿ ಅಪ್ಪ ಹಸ್ತಬೀರನ ಹೆಸರಿನಲ್ಲಿ ದಾರಿಹೋಕರು ಹೊರೆ ಇಳಿಸಲು ಒಂದು ಕಲ್ಲುಕಟ್ಟೆ ಕಟ್ಟಲು ತೊಡಗಿದ. ಇದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಕಲ್ಲನ್ನು ಹೊಳೆಯಿಂದ ತಾನೇ ಹೊತ್ತು ತಂದ. ಎರಡು ಚಳಿಗಾಲ ಹಿಡಿಯಿತು. ಎಲ್ಲರೂ ಕಟ್ಟೆಯನ್ನು ಏರು ಮುಗಿಯುವಲ್ಲಿ, ಗಾಳಿ ಬೀಸುವ ನೆತ್ತಿಯ ಮೇಲೆ ಕಟ್ಟುತ್ತಾರೆ. ಅಪ್ಪ ನೆತ್ತಿಗೆ ಇನ್ನೂರು ಹೆಜ್ಜೆ ಇರುವಾಗಲೇ, ಏರಿನ ನಟ್ಟನಡುವೆ ಕಟ್ಟಿದ. ಊರಿನ ಮುಖಿಯಾ ಬಂದು ನೋಡಿ ಹಣೆ ಚಚ್ಚಿಕೊಂಡ.

"ಇಲ್ಲಿ ಯಾಕೋ ಕಟ್ಟಿದೆ? ಇನ್ನೊಂಚೂರು ಹತ್ತಿದ್ರೆ ಮೇಲೆ ನೆರಳು, ಗಾಳಿ ಎಲ್ಲ ಇದೆ."

"ಮೇಲೆ ಹತ್ತಿದೋನಿಗೆ ಕಟ್ಟೆ ಯಾಕೆ," ಎಂದ ಅಪ್ಪ.

ಪಕ್ಕದಲ್ಲಿ ನೆಟ್ಟ ಅರಳಿ ಸಸಿಯನ್ನು ಮೊದಲ ವರ್ಷ ಆಡು ತಿಂದಿತು. ಎರಡನೆಯ ಸಸಿಯನ್ನೂ ಅದೇ ಆಡು ತಿಂದಿತು. ಅಪ್ಪ ಆಡನ್ನು ಕೊಂಡು ದಸೈಂನಲ್ಲಿ ಕೊಯ್ದು ಮೂರನೆಯ ಸಸಿ ನೆಟ್ಟ. ಅದು ಬದುಕಿತು. ಈಗ ಇಬ್ಬರು ತಬ್ಬಿದರೂ ತೋಳಿಗೆ ಸಿಗುವುದಿಲ್ಲ. ಉಪ್ಪು, ಸೀಮೆಎಣ್ಣೆ ಹೊತ್ತು ಬರುವ ಕೂಲಿಗಳು ಅಲ್ಲಿ ಹೊರೆ ಇಳಿಸಿ, ಬೆವರು ಒರೆಸಿಕೊಂಡು, ಏರು ಮುಗಿಯುವ ಮೊದಲೇ ಕಟ್ಟೆ ಕಟ್ಟಿದ ಮೂರ್ಖ ಯಾರು ಎಂದು ಬೈಯುತ್ತಾರೆ. ಬೈದು, ಬೀಡಿ ಹಚ್ಚಿ, ಇನ್ನಷ್ಟು ಹೊತ್ತು ಕೂರುತ್ತಾರೆ.